ಒಂದೇ ಕಾಯಿಲೆ, ಮೂರು ಮನೆ

ಕಳೆದ ವರ್ಷ ಮಗಳನ್ನು ನೋಡಲು ಬಂದವರು ಕಾಫಿ ಕುಡಿದಾದ ಮೇಲೆ ಕೇಳಿದರು, "ಮನೆಯಲ್ಲಿ ಹಿರಿಯರು ಯಾರ್‍ಯಾರು ಇದ್ದೀರಿ?" ಸಾಮಾನ್ಯ ಪ್ರಶ್ನೆ. ಆದರೆ ಹೆಂಡತಿ ಕೂಡಲೇ ನನ್ನ ಮುಖ ನೋಡಿದಳು. ನಮ್ಮ ಮನೆಯ ಪಡುಬದಿಯ ಕೋಣೆಯಲ್ಲಿ ಚಿಕ್ಕಪ್ಪ ಇದ್ದಾರೆ. ಅವರಿಗೆ 1978ರಿಂದ ಮಾನಸಿಕ ಕಾಯಿಲೆ.

ಕೃಷಿ ಪತ್ರಿಕೆಯಲ್ಲಿ ಇದೇನು ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ಕೊಳೆರೋಗಕ್ಕೆ ಬೋರ್ಡೋ ಹೊಡೆದ ಲೆಕ್ಕ ನಾವು ಇಲ್ಲಿ ಬರೆಯುತ್ತೇವೆ, ಸಂತೋಷ. ತೋಟ ನೋಡಿಕೊಳ್ಳುವ ಮನೆಯೊಳಗಿನ ಕಾಯಿಲೆಯ ಲೆಕ್ಕ ಯಾರೂ ಬರೆಯುವುದಿಲ್ಲ. ನಾನೂ ಇಷ್ಟು ವರ್ಷ ಬರೆದಿಲ್ಲ. ಯಾಕೆ ಬರೆದಿಲ್ಲ ಎಂದು ಹುಡುಕುತ್ತಾ ಹೋದಾಗ ಕಂಡದ್ದನ್ನು ಹೇಳುತ್ತೇನೆ. ಮಾನಸಿಕ ಕಾಯಿಲೆಯವರನ್ನು ನಾವು ಹೇಗೆ ನೋಡುತ್ತೇವೆ ಎಂಬುದು ಕಾಯಿಲೆ ಎಷ್ಟು ಜೋರು ಎಂಬುದಕ್ಕಿಂತ, ನಾವು ಯಾವ ಮನೆಯವರು, ನಮಗೆ ಕಳೆದುಕೊಳ್ಳಲು ಏನುಂಟು ಎಂಬುದರ ಮೇಲೆ ನಿಂತಿದೆ.

ನನಗೆ ಹತ್ತಿರದಿಂದ ಗೊತ್ತಿರುವ ಮೂರು ಮನೆಗಳಿವೆ. ಮೂರರಲ್ಲೂ ಒಂದೇ ಕಾಯಿಲೆ, ಸ್ಕಿಜೋಫ್ರೇನಿಯಾ. ಇಲ್ಲದ ಧ್ವನಿ ಕೇಳುವುದು, ಯಾರೋ ತನಗೆ ಕೇಡು ಮಾಡುತ್ತಾರೆಂಬ ಬಲವಾದ ಸಂಶಯ, ನಿದ್ದೆ ಇಲ್ಲದಿರುವುದು, ಜನರಿಂದ ದೂರವಾಗುವುದು, ಮೀಯಲೂ ಉಣ್ಣಲೂ ಮನಸ್ಸಿಲ್ಲದಿರುವುದು ಇದರ ಲಕ್ಷಣ. ಹೆಚ್ಚಾಗಿ 15ರಿಂದ 30 ವರ್ಷದೊಳಗೆ ಶುರು. ಮಾಟದಿಂದಲೂ ಅಲ್ಲ, ಸಾಕಿದ ರೀತಿಯಿಂದಲೂ ಅಲ್ಲ. ಮೆದುಳಿನ ಕೆಲಸದಲ್ಲಿ ಆಗುವ ವ್ಯತ್ಯಾಸ. ಔಷಧಿ ಉಂಟು.

ಮೊದಲನೆಯದು ನಮ್ಮ ಮನೆ

ಚಿಕ್ಕಪ್ಪ ಆಗ ಕಾಲೇಜಿಗೆ ಹೋಗುತ್ತಿದ್ದರು, 19 ವರ್ಷ. ನನಗೆ 10. ಊರಲ್ಲಿ ನಮ್ಮದು ಅನುಕೂಲದ ಮನೆ ಎಂದು ಲೆಕ್ಕ. ತೋಟ, ಗದ್ದೆ, ನಾಲ್ಕು ಜನ ಬಂದು ಹೋಗುವ ಚಾವಡಿ. ಮದುವೆಗೆ ಇಬ್ಬರು ಅತ್ತೆಯಂದಿರು ಬಾಕಿ.

ಮೊದಲು ಪ್ರಶ್ನೆ ಇಡಿಸಿದರು. ದೋಷ ಕಂಡಿತು, ಪರಿಹಾರವೂ ಆಯಿತು. ಮತ್ತೊಬ್ಬ ಜೋಯಿಸರಲ್ಲಿ ಬೇರೆ ದೋಷ ಕಂಡಿತು, ಅದಕ್ಕೂ ಪರಿಹಾರ ಆಯಿತು. ಕಾಯಿಲೆ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಪಡುಬದಿಯ ಕೋಣೆಗೆ ಹೊರಗಿನಿಂದ ಚಿಲಕ ಬಂತು. ನೆಂಟರು ಕೇಳಿದರೆ "ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾನೆ" ಎಂದು ಹೇಳಬೇಕೆಂದು ನಮಗೆ ಮಕ್ಕಳಿಗೆಲ್ಲ ಅಪ್ಪಣೆ. ಅನ್ನದ ಬಟ್ಟಲು ಒಯ್ಯುವುದು ನನ್ನ ಪಾಲಿಗೆ ಬಂತು. ಒಮ್ಮೆ ನೆಂಟರು ಚಾವಡಿಯಲ್ಲಿ ಕೂತಿದ್ದಾಗ ಒಳಗಿನಿಂದ ಬಾಗಿಲು ಬಡಿಯುವ ಸದ್ದಾಯಿತು. "ಕೊಟ್ಟಗೆಯಲ್ಲಿ ಕರು" ಎಂದೆ. ಅಜ್ಜ ಆ ದಿನ ನನ್ನ ಬೆನ್ನು ತಟ್ಟಿದರು.

ಅತ್ತೆಯಂದಿರ ಮದುವೆ ಎರಡೂ ಆದ ಮೇಲೆ, 1985ರಲ್ಲಿ, ಚಿಕ್ಕಪ್ಪನನ್ನು ಮಂಗಳೂರಿಗೆ ವೈದ್ಯರಲ್ಲಿಗೆ ಕರೆದುಕೊಂಡು ಹೋದದ್ದು. ಏಳು ವರ್ಷ ಹೋಯಿತು. ಹಣ ಇಲ್ಲದೆ ಅಲ್ಲ, ದಾರಿ ಇಲ್ಲದೆಯೂ ಅಲ್ಲ. ಮರ್ಯಾದೆ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ.

ಎರಡನೆಯದು ಕೆಲಸದವರ ಮನೆ

ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದ ಒಬ್ಬಾಕೆಯ ಮಗ. 1990ರ ಸುಮಾರಿಗೆ ಅವನಿಗೂ ಹೀಗೇ ಆಯಿತು. ಆ ಮನೆಯಲ್ಲಿ ಚಿಲಕ ಹಾಕುವ ಕೋಣೆಯೇ ಇರಲಿಲ್ಲ. ಅವನು ತನ್ನಷ್ಟಕ್ಕೆ ಮಾತಾಡುತ್ತಾ ಊರೆಲ್ಲ ನಡೆಯುತ್ತಿದ್ದ. ಊರು ಅವನಿಗೆ "ಮರುಳ" ಎಂದು ಹೆಸರಿಟ್ಟಿತು. ನಮ್ಮ ಚಿಕ್ಕಪ್ಪನಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಗೊತ್ತಿದ್ದವರೂ "ಸ್ವಲ್ಪ ಉಪದ್ರ ಉಂಟಂತೆ", "ನರದ ತೊಂದರೆಯಂತೆ" ಎಂದು ಸ್ವರ ತಗ್ಗಿಸಿ ಹೇಳುತ್ತಿದ್ದರು. ತೋಟದವರ ಮನೆಯಲ್ಲಾದರೆ ನರದ ತೊಂದರೆ, ಕೂಲಿಯವರ ಮನೆಯಲ್ಲಾದರೆ ಮರುಳು.

ಆದರೂ ಒಂದು ಮಾತು ಹೇಳಬೇಕು. ಅವನನ್ನು ಯಾರೂ ಕೆಲಸಕ್ಕೆ ಬೇಡವೆನ್ನಲಿಲ್ಲ. ಬಿದ್ದ ಅಡಿಕೆ ಹೆಕ್ಕುತ್ತಿದ್ದ, ಸೋಗೆ ಎಳೆಯುತ್ತಿದ್ದ, ಗೊಬ್ಬರ ಹೊರುತ್ತಿದ್ದ. ಎಲ್ಲರ ಜೊತೆ ಕೂತು ಗಂಜಿ ಉಣ್ಣುತ್ತಿದ್ದ. ತಮಾಷೆ ಮಾಡುತ್ತಿದ್ದವರೇ ಅವನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದರು. ಕೂಲಿ ಮಾತ್ರ ಅರ್ಧ. ಕೊಡುತ್ತಿದ್ದವರು ನಾವೇ.

ಅವನ ತಾಯಿ ಒಮ್ಮೆ ನನ್ನ ಅಪ್ಪನಲ್ಲಿ ಕೇಳಿದ್ದಳು, "ಧನಿಗಳೇ, ನಿಮ್ಮ ತಮ್ಮನಿಗೆ ಕೊಡುವ ಮದ್ದು ಇವನಿಗೂ ಆಗುತ್ತದಾ?" ಅಪ್ಪ ವೈದ್ಯರ ವಿಳಾಸ ಕೊಟ್ಟರು. ಆಕೆ ಎರಡು ಸಲ ಹೋಗಿ ಬಂದಳು. ಹುಡುಗ ಚೇತರಿಸಿಕೊಂಡದ್ದು ನಾವೇ ಕಂಡದ್ದು. ಆದರೆ ಒಂದು ಸಲ ಹೋಗಿ ಬರಲು ಇಬ್ಬರ ಬಸ್ಸಿನ ಖರ್ಚು, ಇಬ್ಬರ ಒಂದು ದಿನದ ಕೂಲಿ, ಮತ್ತೆ ಮಾತ್ರೆಯ ಕ್ರಯ. ಮಳೆಗಾಲದಲ್ಲಿ ಕೆಲಸ ಕಮ್ಮಿಯಾದಾಗ ಮಾತ್ರೆ ನಿಂತಿತು. 1994ರ ಮಳೆಗಾಲದಲ್ಲಿ ಮನೆ ಬಿಟ್ಟು ಹೋದವನು ಮತ್ತೆ ಬರಲಿಲ್ಲ.

ಮಾತ್ರೆ ಮುಗಿದಿದೆಯಾ ಎಂದು ನಾವು ಯಾರೂ ಕೇಳಿರಲಿಲ್ಲ. ಅದೇ ವಾರ ನಾನು ಚಿಕ್ಕಪ್ಪನ ಮಾತ್ರೆ ತರಲು ಮಂಗಳೂರಿಗೆ ಹೋಗಿದ್ದೆ.

ಮೂರನೆಯದು ಪೇಟೆಯ ಮನೆ

ನಮ್ಮ ಸಂಬಂಧಿಕರೇ. ಗಂಡ ಹೆಂಡತಿ ಇಬ್ಬರೂ ಓದಿದವರು, ಒಳ್ಳೆಯ ಉದ್ಯೋಗದವರು. ಇದು 2009ರ ಮಾತು. ಮಗ ಇಂಜಿನಿಯರಿಂಗ್ ಓದುವಾಗ ಕಾಯಿಲೆ ಶುರುವಾಯಿತು. ಒಂದೇ ವಾರದಲ್ಲಿ ಮನೋವೈದ್ಯರಲ್ಲಿಗೆ ಹೋದರು. ಪ್ರಶ್ನೆ ಇಲ್ಲ, ಪರಿಹಾರ ಇಲ್ಲ. ನಮ್ಮ ಏಳು ವರ್ಷಕ್ಕೆ ಅವರ ಏಳು ದಿನ. ಓದಿನ ಲಾಭ ಇದೇ ಎಂದು ನನಗೆ ಆಗ ಅನ್ನಿಸಿತ್ತು.

ಹುಡುಗ ಬೇಗ ಸುಧಾರಿಸಿದ, ಪದವಿ ಮುಗಿಸಿದ. ಕೆಲಸಕ್ಕೆ ಸೇರಿದ. ಎರಡು ವರ್ಷದ ಮೇಲೆ ಹೇಗೋ ಕಚೇರಿಯಲ್ಲಿ ವಿಷಯ ಗೊತ್ತಾಯಿತು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. "ನಿಮ್ಮ ಆರೋಗ್ಯ ಮುಖ್ಯ, ವಿಶ್ರಾಂತಿ ತೆಗೆದುಕೊಳ್ಳಿ" ಎಂದರು. ಆ ವಿಶ್ರಾಂತಿ ಮುಗಿಯಲೇ ಇಲ್ಲ. ಆಮೇಲೆ ಹೋದಲ್ಲೆಲ್ಲ ಅವನು ಆ ಎರಡು ವರ್ಷದ ಲೆಕ್ಕ ಮುಚ್ಚಿಡಬೇಕಾಯಿತು. ಮಾತ್ರೆಯನ್ನು ವಿಟಮಿನ್ ಡಬ್ಬಿಯಲ್ಲಿ ಹಾಕಿ ಒಯ್ಯುತ್ತಿದ್ದ.

ಇದು ನಮ್ಮ ಊರಿನ ಕತೆ ಮಾತ್ರವೇ?

ಮೂರು ಮನೆ ನೋಡಿ ಇಡೀ ಸಮಾಜದ ಬಗ್ಗೆ ಹೇಳುವುದು ಸರಿಯಲ್ಲ. ಆದ್ದರಿಂದ ಬೇರೆಯವರು ಏನು ಕಂಡಿದ್ದಾರೆ ಎಂದು ವಿಚಾರಿಸಿದೆ.

ಭಾರತದ ಹಳ್ಳಿ ಮತ್ತು ನಗರದ ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಗಿದೆ. ತೀವ್ರ ಮಾನಸಿಕ ಕಾಯಿಲೆಯ ಬಗ್ಗೆ ಹಳ್ಳಿಯವರ, ಅದರಲ್ಲೂ ಮೈಮುರಿದು ದುಡಿಯುವವರ ಅಭಿಪ್ರಾಯ ಹೆಚ್ಚು ಕಠಿಣವಾಗಿತ್ತು. ನಗರದವರ ಮಾತು ಉದಾರ. ಆದರೆ ಅದರಲ್ಲೇ ಇನ್ನೊಂದು ಸಂಗತಿ ಉಂಟು. ನಗರದಲ್ಲಿ ಯಾರ ಅಭಿಪ್ರಾಯ ಕೆಟ್ಟದಾಗಿತ್ತೋ ಅವರು ಅಂಥವರ ಜೊತೆ ಕೆಲಸ ಮಾಡಲು ಒಪ್ಪುತ್ತಿರಲಿಲ್ಲ. ಹಳ್ಳಿಯಲ್ಲಿ ಈ ಎರಡಕ್ಕೆ ಸಂಬಂಧವೇ ಕಾಣಲಿಲ್ಲ. ಬಾಯಿ ಒರಟಾದರೂ ಜೊತೆಗೆ ಕೆಲಸ ನಡೆಯುತ್ತದೆ. ನಮ್ಮ ಅಡಿಕೆ ಅಂಗಳದಲ್ಲಿ ನಾನು ಕಂಡದ್ದೂ ಇದೇ.

ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ಸ್ಕಿಜೋಫ್ರೇನಿಯಾ ಇರುವ 200 ಮಂದಿಯನ್ನೇ ಮಾತಾಡಿಸಿ 2008ರಲ್ಲಿ ಬರೆದರು. ಹಳ್ಳಿಯವರು ಹೆಚ್ಚಾಗಿ ಹೇಳಿದ್ದು ಗೇಲಿ, ಅವಮಾನ, ಭೇದ. ಪೇಟೆಯವರು ಹೇಳಿದ್ದು ಮುಚ್ಚಿಡಬೇಕಾದ ಕಷ್ಟ. ಕೆಲಸದ ಅರ್ಜಿಯಲ್ಲಿ ಅವರು ಕಾಯಿಲೆಯ ವಿಷಯ ಬರೆಯುವುದಿಲ್ಲ. 2011ರಲ್ಲಿ ಅವರೇ ಗಂಡು ಹೆಣ್ಣಿನ ವ್ಯತ್ಯಾಸವನ್ನೂ ಬರೆದರು. ಗಂಡಸರಿಗೆ ಕೆಲಸದ ಜಾಗದಲ್ಲಿ ಆಗುವ ಅವಮಾನ ದೊಡ್ಡದು. ಹೆಂಗಸರಿಗೆ ಮದುವೆ, ಬಸಿರು, ಬಾಣಂತನದ ಸುತ್ತಲಿನ ಮಾತುಗಳೇ ದೊಡ್ಡವು.

ಇದನ್ನೂ ನಾವು ಕಂಡೇ ಇದ್ದೇವೆ. ಮಗನಿಗೆ ಕಾಯಿಲೆಯಾದರೆ "ಮದುವೆ ಮಾಡಿದರೆ ಸರಿಯಾಗುತ್ತದೆ" ಎನ್ನುವವರು, ಸೊಸೆಗೆ ಅದೇ ಆದರೆ ತವರಿಗೆ ಬಿಟ್ಟು ಬರುತ್ತಾರೆ. ಚಿಕ್ಕಪ್ಪನಿಗೆ ಕೋಣೆಯಾದರೂ ಸಿಕ್ಕಿತು. ಅವರು ಹೆಣ್ಣಾಗಿದ್ದರೆ ಯಾವ ಮನೆಯಲ್ಲಿ ಕೋಣೆ ಸಿಗುತ್ತಿತ್ತೋ ಏನೋ.

ಯಾವುದರ ಭಯ?

ತೋಟ ಮಾರುವ ಅಂದಾಜು ಇರುವವನು ಹಳದಿ ರೋಗದ ಸುದ್ದಿ ಎತ್ತುವುದಿಲ್ಲ. ಮಾರುವ ಅಂದಾಜು ಇಲ್ಲದವನು ಮರದ ಬುಡಕ್ಕೇ ಕರೆದುಕೊಂಡು ಹೋಗಿ ತೋರಿಸುತ್ತಾನೆ. ಇಬ್ಬರಿಗೂ ರೋಗದ ಬಗ್ಗೆ ಗೊತ್ತಿರುವುದು ಅಷ್ಟೇ. ವ್ಯತ್ಯಾಸ ಇರುವುದು ನಷ್ಟದ ಲೆಕ್ಕದಲ್ಲಿ. ಮಾನಸಿಕ ಕಾಯಿಲೆಯಲ್ಲೂ ಹೀಗೆಯೇ. ಅನುಕೂಲಸ್ಥರಿಗೆ ಮದುವೆ ಮತ್ತು ಮನೆತನದ ಭಯ, ಉದ್ಯೋಗಸ್ಥರಿಗೆ ಉದ್ಯೋಗದ ಭಯ. ಕೂಲಿಯವರಿಗೆ ಮುಚ್ಚಲು ಬಾಗಿಲಿಲ್ಲ, ತೆರೆದಿಟ್ಟರೂ ಮದ್ದಿಗೆ ದಾರಿಯಿಲ್ಲ.

ಈ ಭಯಗಳನ್ನು ಒಂದೊಂದಾಗಿ ನೋಡಿದರೆ ಕೆಲವು ನಿಜ, ಕೆಲವು ಬರೀ ಬಾಯಿಮಾತು.

ಪಾಲಿನ ವಿಷಯ: "ತಲೆ ಸರಿ ಇಲ್ಲದವನಿಗೆ ಪಾಲಿಲ್ಲ" ಎನ್ನುವವರು ಈಗಲೂ ಉಂಟು. ಹಳೆಯ ಹಿಂದೂ ಕಾನೂನಿನಲ್ಲಿ ಅಂಥ ನಿಯಮ ಇದ್ದದ್ದು ಹೌದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಸೆಕ್ಷನ್ ಅದನ್ನು ತೆಗೆದುಹಾಕಿತು. ರೋಗ, ಊನ ಯಾವುದಿದ್ದರೂ ಆಸ್ತಿಯ ಹಕ್ಕು ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರವೂ, ಕಾಯಿಲೆ ಇದೆ ಎಂದು ವೈದ್ಯರು ಬರೆದ ಮಾತ್ರಕ್ಕೆ ಯಾರೂ ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಾಗುವುದಿಲ್ಲ. ಅದನ್ನು ನ್ಯಾಯಾಲಯ ಹೇಳಬೇಕು.

ಮದುವೆಯ ವಿಷಯ: ಮದುವೆಯಾಗುವವರಿಗೇ ಕಾಯಿಲೆ ಇದ್ದರೆ ಮುಚ್ಚಿಡಬಾರದು, ಆ ಮದುವೆ ರದ್ದಾಗುವ ಪ್ರಸಂಗ ಬರಬಹುದು. ಆದರೆ ಚಿಕ್ಕಪ್ಪನ ಕಾಯಿಲೆಗೆ ಮಗಳ ಮದುವೆ ಯಾಕೆ ನಿಲ್ಲಬೇಕು? ತಂದೆ ಅಥವಾ ತಾಯಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು 100ಕ್ಕೆ 10. ಅಂದರೆ 90 ಮಂದಿಗೆ ಬರುವುದಿಲ್ಲ. ಸಂಬಂಧ ದೂರವಾದಷ್ಟು ಇದು ಇನ್ನೂ ಕಡಿಮೆ. ಹಿಂದೆ ಮೂರ್ಛೆರೋಗದವರನ್ನೂ ನಮ್ಮ ಮದುವೆ ಕಾನೂನು ದೂರ ಇಟ್ಟಿತ್ತು. 1999ರಲ್ಲಿ ಆ ಶಬ್ದವನ್ನೇ ತೆಗೆದರು. ಕಾನೂನು ಬದಲಾದದ್ದು ನಮಗೆ ಗೊತ್ತಾಗಲಿಲ್ಲ, ಅಷ್ಟೆ.

ಮುಚ್ಚಿಡುವುದಕ್ಕೆ ಖರ್ಚಿಲ್ಲ ಎಂದು ತಿಳಿಯಬೇಡಿ. ಚಿಕಿತ್ಸೆ ತಡವಾದಷ್ಟು ಚೇತರಿಕೆ ನಿಧಾನ. ಮನೆಯಲ್ಲಿ ಇಟ್ಟುಕೊಳ್ಳಲಾಗದವರು ಎಲ್ಲೋ ಬಿಟ್ಟು ಬರುತ್ತಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಗುಡಿಸಲಿಗೆ ಬೆಂಕಿ ಬಿದ್ದು 28 ಮಾನಸಿಕ ರೋಗಿಗಳು ಸತ್ತರು. ಕಾಲಿಗೆ ಸರಪಳಿ ಇದ್ದುದರಿಂದ ಓಡಲಾಗಲಿಲ್ಲ. 2017ರ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಆ ಸುದ್ದಿ ಓದಿದ ದಿನ ನಾನು ನಮ್ಮ ಪಡುಕೋಣೆಯ ಹಳೆಯ ಚಿಲಕವನ್ನು ಕಿತ್ತು ತೆಗೆದೆ. ಅದು ಅಷ್ಟು ವರ್ಷವೂ ಬಾಗಿಲಲ್ಲಿ ಸುಮ್ಮನೆ ಇತ್ತು.

ಓದಿದರೆ ಸಾಕೇ?

ಜನರಿಗೆ ತಿಳುವಳಿಕೆ ಕೊಟ್ಟರೆ ಎಲ್ಲ ಸರಿಯಾಗುತ್ತದೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಅರ್ಧ ನಿಜ. ಜರ್ಮನಿಯಲ್ಲಿ 1990ರಲ್ಲಿ ಜನರಿಗೆ ಕೇಳಿದ ಪ್ರಶ್ನೆಗಳನ್ನೇ 2011ರಲ್ಲಿ ಮತ್ತೆ ಕೇಳಿದರು. ಇದು ಮೆದುಳಿನ ಕಾಯಿಲೆ, ವೈದ್ಯರಲ್ಲಿಗೆ ಹೋಗಬೇಕು ಎನ್ನುವವರು ಹೆಚ್ಚಾಗಿದ್ದರು. ಆದರೆ ಸ್ಕಿಜೋಫ್ರೇನಿಯಾ ಇರುವವರನ್ನು ನೆರೆಯವರಾಗಿ, ಜೊತೆ ಕೆಲಸದವರಾಗಿ ಒಪ್ಪುವವರು ಹೆಚ್ಚಾಗಿರಲಿಲ್ಲ, ಕಡಿಮೆಯಾಗಿದ್ದರು. ಓದು ವೈದ್ಯರ ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ. ನಮ್ಮ ಮನೆಯ ಬಾಗಿಲು ತೆರೆಯುವುದು ಬೇರೆಯೇ ಕೆಲಸ.

ಅದನ್ನು ಮಾಡುವುದು ಕಣ್ಣೆದುರು ಚೇತರಿಸಿಕೊಂಡ ಮನುಷ್ಯ. ನಮ್ಮದೇ ಅಡಿಕೆ ಸೀಮೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ ಅವರ ಊರಿನ ಹತ್ತಿರವೇ ಔಷಧಿ ಸಿಗುವ ಹಾಗೆ ಮಾಡಿದರು. ಬಿಡದೆ ಔಷಧಿ ತೆಗೆದುಕೊಂಡವರು ದಿನನಿತ್ಯದ ಕೆಲಸದಲ್ಲಿ ಔಷಧಿ ಇಲ್ಲದವರಿಗಿಂತ ಎಷ್ಟೋ ಸುಧಾರಿಸಿದ್ದು ಅಲ್ಲಿ ಕಂಡುಬಂತು. ಹೀಗೆ ಸುಧಾರಿಸಿದ ಒಬ್ಬ ನಾಳೆ ಕೊಯ್ಲಿಗೆ ಬಂದರೆ, ಹತ್ತು ಭಾಷಣದಿಂದ ಆಗದ್ದು ಆಗುತ್ತದೆ.

ಬಾಕಿ ಇರುವ ಕೆಲಸ ದೊಡ್ಡದು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೀವ್ರ ಕಾಯಿಲೆಯವರಲ್ಲೂ ಶೇ. 70ಕ್ಕಿಂತ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಬಡವರಲ್ಲಿ ಕಾಯಿಲೆಯೂ ಹೆಚ್ಚು.

ನಾವು ಮಾಡಬಹುದಾದದ್ದು

ಅನುಭವದಿಂದ ಕೆಲವು ಮಾತು:

1. ನಿದ್ದೆ ಹೋಗಿದೆ, ಮಾತು ತಪ್ಪುತ್ತಿದೆ, ಸಂಶಯ ಹೆಚ್ಚಾಗಿದೆ ಎಂದು ಕಂಡರೆ ಕಾಯಬೇಡಿ. ಪ್ರಶ್ನೆ ಇಡಿಸುವ ನಂಬಿಕೆ ಇದ್ದರೆ ಇಡಿಸಿ, ವೈದ್ಯರಲ್ಲಿಗೂ ಅದೇ ವಾರ ಹೋಗಿ.

2. ದೊಡ್ಡ ಊರಿಗೇ ಹೋಗಬೇಕೆಂದಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಮಾಡಿ ನೋಡಿದ ಕ್ರಮವನ್ನೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ದೇಶದ ಬೇರೆ ಜಿಲ್ಲೆಗಳಿಗೂ ತಂದರು. ಇದರಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಔಷಧಿಗೆ ಹಣ ಕೊಡಬೇಕಿಲ್ಲ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಎಂಬ ವ್ಯವಸ್ಥೆ ಕರ್ನಾಟಕದಲ್ಲಿ 2014ರಲ್ಲಿ ಶುರುವಾಯಿತು. ನಿಮ್ಮಲ್ಲಿ ಯಾವ ದಿನ ಎಂದು ಮೊದಲೇ ಕೇಳಿಕೊಂಡು ಹೋಗಿ.

3. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆ ಉಂಟು. ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಹೆಸರು ಹೇಳಲು ಸಂಕೋಚ ಇರುವವರಿಗೆ ಇದು ಮೊದಲ ಮೆಟ್ಟಿಲು.

4. ಹುಷಾರಾದರೆಂದು ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ಮರೆಯುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ವೈದ್ಯರಲ್ಲಿ ಕೇಳಿ.

5. ನಮ್ಮಲ್ಲಿ ಕೆಲಸಕ್ಕೆ ಬರುವವರ ಮನೆಯಲ್ಲಿ ಇಂಥವರಿದ್ದರೆ ಆಸ್ಪತ್ರೆಗೆ ಹೋಗುವ ದಿನದ ಕೂಲಿ ಕಡಿಯಬೇಡಿ. ಮಾತ್ರೆ ಎಷ್ಟು ಉಳಿದಿದೆ ಎಂದು ಕೇಳಿ. ಕೆಲಸ ಮಾಡಿದವನಿಗೆ ಕೆಲಸಕ್ಕೆ ತಕ್ಕ ಕೂಲಿ ಕೊಡಿ. ಇದಕ್ಕೆ ದೊಡ್ಡ ಮನಸ್ಸು ಬೇಡ, ಸ್ವಲ್ಪ ನೆನಪು ಇದ್ದರೆ ಸಾಕು. ನಮಗೆ ಆ ನೆನಪು ಇರಲಿಲ್ಲ.

ಆ ದಿನ ಹೇಳಿದ್ದು

ಮದುವೆ ಮಾತುಕತೆಗೆ ಬಂದವರಿಗೆ ನಾನು ಇದ್ದದ್ದನ್ನು ಹೇಳಿದೆ. ಚಿಕ್ಕಪ್ಪನನ್ನು ಚಾವಡಿಗೆ ಕರೆದೆ. ಅವರು ಬಂದು ನಮಸ್ಕಾರ ಮಾಡಿ, "ಈ ಸಲ ಅಡಿಕೆ ಹೇಗೆ ನಿಮ್ಮಲ್ಲಿ?" ಎಂದು ಕೇಳಿದರು. ಐದು ನಿಮಿಷ ಕೂತು ಒಳಗೆ ಹೋದರು. ಬಂದವರು ಚೆನ್ನಾಗಿಯೇ ಮಾತಾಡಿದರು. ವಾರದ ನಂತರ "ಜಾತಕ ಕೂಡಿಬರಲಿಲ್ಲ" ಎಂದು ಫೋನ್ ಬಂತು. ಜಾತಕ ನೋಡಿ ಕೂಡಿದೆ ಎಂದು ಹೇಳಿಯೇ ಅವರು ಬಂದದ್ದು.

ಹೆಂಡತಿಗೆ ನನ್ನ ಮೇಲೆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ನಾನು ನೆಟ್ಟಗೆ ನಡೆದದ್ದಕ್ಕೆ ಬೆಲೆ ಕೊಡುವವಳು ಮಗಳು ಎಂಬ ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಈ ಲೇಖನ ಕಳಿಸುವ ಮೊದಲು ಮಗಳಿಗೆ ಓದಲು ಕೊಟ್ಟೆ, ಚಿಕ್ಕಪ್ಪನಿಗೂ ಕೊಟ್ಟೆ. ಮಗಳು, "ಬಂದ ಮೇಲೆ ಗೊತ್ತಾಗುವುದಕ್ಕಿಂತ ಬರುವ ಮೊದಲೇ ಗೊತ್ತಾಗಲಿ, ಕಳಿಸಿ" ಎಂದಳು. ಚಿಕ್ಕಪ್ಪ ನಿಧಾನ ಓದಿ, ಕನ್ನಡಕ ತೆಗೆದು, ಒಂದೇ ತಿದ್ದುಪಡಿ ಹೇಳಿದರು: "ಕರು ಅಂತ ಹೇಳಿದ್ದು ನನಗೆ ಕೇಳಿಸಿತ್ತು. ಅದನ್ನೂ ಬರಿ."

ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಅನುಭವ ಇದ್ದರೆ, ಹೆಸರು ಹಾಕದೆಯಾದರೂ ಸರಿ, ನೀವೂ ಬರೆಯಿರಿ.